ಇಡೀ ಟ್ಯಾಂಕ್ ಬೇಡ, ಮುಚ್ಚಳದ ಕೆಲಸ ಕೊಡಿ: ಉಕ್ಕು ಸಚಿವರಿಗೆ ಮೈಸೂರಿನಿಂದ ಬಹಿರಂಗ ಪತ್ರ

ಶ್ರೀ ಎಚ್.ಡಿ. ಕುಮಾರಸ್ವಾಮಿ ಅವರಿಗೆ,
ಮಂಡ್ಯ ಸಂಸದರು, ಕೇಂದ್ರ ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವರು

ಮಾನ್ಯರೇ,

ಸೇನೆಯ ಕವಚ ವಾಹನಗಳಿಗೆ ಉಕ್ಕಿಗಿಂತ ಹಗುರವಾದ ಟೈಟಾನಿಯಂ ಲೋಹ ಎಂದೊಡನೆ ‘ಇಡೀ ವಾಹನವನ್ನೇ ಅದರಲ್ಲಿ ಮಾಡಬಾರದೇಕೆ’ ಎಂದು ಕೇಳುವವರಿದ್ದಾರೆ. ಆ ಖರ್ಚಿಗೆ ಮೂಗಿಗಿಂತ ಮೂಗುತಿ ಭಾರವಾದೀತು. ನಮ್ಮ ಬೇಡಿಕೆ ಚಿಕ್ಕದು. ಹ್ಯಾಚ್ (ಸೈನಿಕರು ಒಳಗಿಳಿಯುವ ಕಿಂಡಿ) ಮುಚ್ಚಳ, ಮೇಲ್ಭಾಗದ ಕವಚದ ತುಂಡುಗಳು, ಬ್ರಾಕೆಟ್‌ಗಳಂಥ ಬಿಡಿಭಾಗಗಳನ್ನು ಮೈಸೂರಿನ ಸಣ್ಣ ಕೈಗಾರಿಕೆಗಳು ಮಾಡಿಕೊಡಬಲ್ಲವು. ಅದಕ್ಕೆ ಇಲ್ಲಿ ಎಲ್ಲರೂ ಹಂಚಿಕೊಂಡು ಬಳಸುವ ಒಂದು ಸಾಮಾನ್ಯ ಸೌಲಭ್ಯ ಕೇಂದ್ರ ಬೇಕು.

ಲೆಕ್ಕ ನೋಡಿ. 600 ಮಿ.ಮೀ. ವ್ಯಾಸದ, 25 ಮಿ.ಮೀ. ದಪ್ಪದ ಉಕ್ಕಿನ ಮುಚ್ಚಳ ಸುಮಾರು 55 ಕೆ.ಜಿ. ತೂಗುತ್ತದೆ. ಶೇ 6 ಅಲ್ಯೂಮಿನಿಯಂ, ಶೇ 4 ವೆನೇಡಿಯಂ ಬೆರೆತ ಟೈಟಾನಿಯಂನ ಸಾಂದ್ರತೆ ಘನ ಸೆಂ.ಮೀ.ಗೆ 4.43 ಗ್ರಾಂ, ಉಕ್ಕಿನದು 7.85. ಎದುರಾಗುವ ಗುಂಡು ಯಾವುದು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ ನಿಜ, ಆದರೂ ಉಕ್ಕಿನ ಮೂರನೇ ಎರಡು ಭಾಗದ ತೂಕದಲ್ಲಿ ಹೆಚ್ಚುಕಡಿಮೆ ಅಷ್ಟೇ ರಕ್ಷಣೆ ಸಿಗುತ್ತದೆ. ದಪ್ಪ 30 ಮಿ.ಮೀ.ಗೆ ಏರಿದರೂ ಮುಚ್ಚಳದ ತೂಕ 38 ಕೆ.ಜಿ.ಗೆ ಇಳಿಯುತ್ತದೆ. ಲಡಾಖ್‌ನ ಎತ್ತರಕ್ಕೆಂದೇ ರೂಪಿಸಿದ 25 ಟನ್ನಿನ ಜೋರಾವರ್ ಹಗುರ ಟ್ಯಾಂಕ್‌ನಂಥ ವಾಹನದಲ್ಲಿ ಇಂಥ ಪ್ರತಿ ಉಳಿತಾಯವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಸೇನೆಗೆ ಇದು ಹೊಸದೂ ಅಲ್ಲ. 2016ರಲ್ಲಿ 145 ಎಂ-777 ಫಿರಂಗಿಗಳಿಗೆ ಒಪ್ಪಂದವಾಯಿತಲ್ಲ, ಅವು 4.2 ಟನ್ನಿನ ಆಸುಪಾಸಿಗೆ ಇಳಿದದ್ದು ಬಹುಮಟ್ಟಿಗೆ ಟೈಟಾನಿಯಂನಿಂದಲೇ. ಅಮೆರಿಕದ ಬ್ರಾಡ್ಲಿ ವಾಹನದಲ್ಲೂ ಕಮಾಂಡರ್ ಹ್ಯಾಚ್‌ಗೆ ಇದನ್ನೇ ಬಳಸಿದ್ದಾರೆ.

ಕಷ್ಟ ಇರುವುದು ವೆಲ್ಡಿಂಗ್‌ನಲ್ಲಿ. ಬಿಸಿಯಾದ ಟೈಟಾನಿಯಂ ಗಾಳಿಯ ಆಮ್ಲಜನಕ, ಸಾರಜನಕವನ್ನು ಹೀರಿ ಪೆಡಸಾಗುತ್ತದೆ. ಸಾಮಾನ್ಯ ದರ್ಜೆಯಲ್ಲಿ ಆಮ್ಲಜನಕ ಶೇ 0.20 ಮೀರುವಂತಿಲ್ಲ, ಉತ್ತಮ ದರ್ಜೆಯಲ್ಲಿ ಶೇ 0.13. ಹಾಗಾಗಿ ಗಾಳಿಯನ್ನು ದೂರವಿಡಲು ವೆಲ್ಡಿಂಗ್ ಟಾರ್ಚ್‌ನಿಂದ ಬರುವ ಆರ್ಗಾನ್ ಗ್ಯಾಸ್ ಒಂದೇ ಸಾಲದು. ಬಿಸಿ ಬೆಸುಗೆಗೆ ಆರ್ಗಾನ್ ಹೊದಿಸುತ್ತ ಟಾರ್ಚ್ ಹಿಂದೆ ಎಳೆದುಕೊಂಡು ಹೋಗುವ ಶೀಲ್ಡ್ ಬೇಕು, ಬೆಸೆಯುವ ತುಂಡಿನ ಹಿಂಬದಿಗೂ ಆರ್ಗಾನ್ ಹಾಯಿಸಬೇಕು. ಬೆಸುಗೆ ಸುಮಾರು 425 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಯುವವರೆಗೆ ಗ್ಯಾಸ್ ನಿಲ್ಲಿಸುವಂತಿಲ್ಲ. ಅಂಚನ್ನು ಅಸಿಟೋನ್‌ನಲ್ಲಿ ಒರೆಸಿದ ಮೇಲೆ ಬರಿಗೈ ತಾಗಬಾರದು. ಕ್ಲೋರಿನ್ ಇರುವ ಕ್ಲೀನರ್ ಬಳಸಿದರೆ ಮುಂದೆ ಬಿಸಿ ತಾಗಿದಾಗ ಬಿರುಕು ಬಿಟ್ಟೀತು. ಉಕ್ಕಿನ ಮೇಲೆ ಆಡಿಸಿದ ವೈರ್ ಬ್ರಷ್ ಇಲ್ಲಿಗೆ ಬರಲೇಬಾರದು.

ಬೆಸುಗೆ ಹೇಗಾಗಿದೆ ಎಂಬುದನ್ನು ಅದರ ಬಣ್ಣವೇ ಹೇಳುತ್ತದೆ. ಬೆಳ್ಳಿಯ ಹೊಳಪು, ತಿಳಿ ಹುಲ್ಲಿನ ಬಣ್ಣ ಇದ್ದರೆ ಸರಿ. ಕಡುನೀಲಿ ಬಂದರೆ ಅನುಮಾನ. ಮಂಕು ಬೂದಿ ಬಣ್ಣ ಅಥವಾ ಬಿಳಿ ಪುಡಿ ಕಂಡರೆ ಆ ಬೆಸುಗೆಯನ್ನು ಕತ್ತರಿಸಿ ತೆಗೆಯಬೇಕು, ಮೇಲೆ ಇನ್ನೊಂದು ಪದರ ಬೆಸುಗೆ ಹಾಕಿ ಮುಚ್ಚಿದರೆ ಪೆಡಸು ಒಳಗೇ ಉಳಿಯುತ್ತದೆ. ಬ್ರಷ್ ಆಡಿಸಿದರೆ ಬಣ್ಣ ಹೋಗಿಬಿಡುತ್ತದೆ. ಆದ್ದರಿಂದ ಇನ್‌ಸ್ಪೆಕ್ಟರ್ ನೋಡಬೇಕಾದ್ದು ಬ್ರಷ್‌ಗೆ ಮೊದಲು. ಈ ಒಂದು ನಿಯಮ ಪಾಲಿಸದ ಶಾಪ್‌ಗೆ ಕವಚದ ಕೆಲಸ ಕೊಡಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಉಕ್ಕಿಗೆ ಟೈಟಾನಿಯಂ ಅನ್ನು ನೇರವಾಗಿ ಬೆಸೆಯಲು ಆಗುವುದಿಲ್ಲ, ನಡುವೆ ಗಾಜಿನಂತೆ ಒಡೆಯುವ ಪದರ ಹುಟ್ಟುತ್ತದೆ. ಬೋಲ್ಟ್ ಹಾಕಿಯೇ ಕೂರಿಸಬೇಕು. ಎರಡು ಲೋಹ ಸೇರುವ ಕಡೆ ನೀರು ನಿಂತರೆ ತುಕ್ಕು ಹಿಡಿಯುವುದು ಉಕ್ಕಿಗೆ, ಅಲ್ಯೂಮಿನಿಯಂ ಇದ್ದರೆ ಅದಕ್ಕೆ. ನಡುವೆ ಸೀಲಂಟ್ ಹಾಕಿ, ಟೈಟಾನಿಯಂ ಬದಿಗೂ ಪೇಂಟ್ ಹೊಡೆಯಬೇಕು. ಉಕ್ಕಿಗೆ ಮಾತ್ರ ಹೊಡೆದರೆ, ಪೇಂಟ್ ಗೀಚಿಹೋದ ಜಾಗದಲ್ಲೇ ಕೊರೆತವೆಲ್ಲ ಸೇರಿಕೊಳ್ಳುತ್ತದೆ. ಟೈಟಾನಿಯಂನ ಬಿಗಿತ ಉಕ್ಕಿನ ಅರ್ಧದಷ್ಟು, ಹಾಗಾಗಿ ಹಳೆಯ ಡ್ರಾಯಿಂಗ್‌ನಲ್ಲಿ ಲೋಹದ ಹೆಸರಷ್ಟೇ ಬದಲಿಸಿದರೆ ಭಾಗ ಬಾಗುತ್ತದೆ. ಗುಂಡು ಬಿದ್ದಾಗ ಹಿಂಬದಿಯಿಂದ ಚೂರು ಸಿಡಿಯುವುದುಂಟು, ಒಳಗೆ ಅವನ್ನು ತಡೆಯುವ ಅರಾಮಿಡ್ ಲೈನರ್ (ಗಟ್ಟಿ ನಾರಿನ ಹೊದಿಕೆ) ಬೇಕೇ ಬೇಕು.

ಮಷಿನಿಂಗ್ ನಮ್ಮವರಿಗೆ ಒಗ್ಗುವ ಕೆಲಸ. ಈ ಲೋಹದಲ್ಲಿ ಶಾಖ ಹರಿಯುವುದು ಕಡಿಮೆ, ಬಿಸಿಯೆಲ್ಲ ಕತ್ತರಿಸುವ ಟೂಲ್‌ನ ತುದಿಯಲ್ಲೇ ನಿಲ್ಲುತ್ತದೆ. ಕಾರ್ಬೈಡ್ ಟೂಲ್‌ನಲ್ಲಿ ನಿಮಿಷಕ್ಕೆ 40ರಿಂದ 60 ಮೀಟರ್ ವೇಗ, ಧಾರಾಳ ಕೂಲೆಂಟ್ ಬೇಕು, ಟೂಲ್ ಮುಂದೆ ಸಾಗುವುದು (ಫೀಡ್) ಎಲ್ಲೂ ನಿಲ್ಲಬಾರದು. ಸಣ್ಣ ಚಿಪ್ಸ್‌ಗೆ ಬೆಂಕಿ ತಗುಲಿದರೆ ನೀರು ಹಾಕುವುದು ಅಪಾಯ. ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿ ಪ್ರತಿ ಮೆಷಿನ್ ಬಳಿ ಇರಬೇಕು.

ಕಚ್ಚಾ ಲೋಹಕ್ಕೆ ಬಹುದೂರ ಹೋಗಬೇಕಿಲ್ಲ. ಕೇರಳದ ಚವರದಲ್ಲಿ ಸರ್ಕಾರಿ ಕಂಪನಿ ಕೆಎಂಎಂಎಲ್‌ನ ವರ್ಷಕ್ಕೆ 500 ಟನ್ ಸಾಮರ್ಥ್ಯದ ಟೈಟಾನಿಯಂ ಸ್ಪಂಜ್ (ಕರಗಿಸುವ ಮುಂಚಿನ ರಂಧ್ರಮಯ ಲೋಹ) ಘಟಕವಿದೆ. ಕರಗಿಸಿ ಮಿಶ್ರಲೋಹ ಮಾಡಲು ಹೈದರಾಬಾದ್‌ನಲ್ಲಿ ಸರ್ಕಾರಿ ಕಂಪನಿ ಮಿಧಾನಿ ಇದೆ.

ನಮ್ಮ ಹೆಬ್ಬಾಳ, ಹೂಟಗಳ್ಳಿಯ ಸಣ್ಣ ಶೆಡ್‌ನವರು ಒಬ್ಬೊಬ್ಬರೇ ಕೊಳ್ಳಲಾಗದ್ದು ಇವು: ಆರ್ಗಾನ್ ತುಂಬಿದ ವೆಲ್ಡಿಂಗ್ ಚೇಂಬರ್, ವ್ಯಾಕ್ಯೂಮ್ ಫರ್ನೇಸ್, ಅಲ್ಟ್ರಾಸಾನಿಕ್ ಪರೀಕ್ಷೆ, ಮತ್ತು ಆಮ್ಲಜನಕ, ಸಾರಜನಕ, ಜಲಜನಕ ಅಳೆಯುವ ಅನಲೈಸರ್. ಮೇಲಿನ ಪೆಡಸು ಪದರ ತೆಗೆಯಲು ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲದ ತೊಟ್ಟಿಯೂ ಬೇಕು. ಇದರ ಮಿಶ್ರಣ ತಪ್ಪಿದರೆ ಲೋಹ ಜಲಜನಕ ಹೀರಿ ಕೆಡುತ್ತದೆ. ಮೈಗೆ ಸಿಡಿದರೆ ಆಮ್ಲ ಮೂಳೆಯವರೆಗೂ ಇಳಿಯುತ್ತದೆ. ಊರ ತುಂಬ ಶೆಡ್‌ಗೊಂದು ತೊಟ್ಟಿ ಇಟ್ಟು ಚರಂಡಿಗೆ ಬಿಡುವುದಕ್ಕಿಂತ, ತ್ಯಾಜ್ಯ ಶುದ್ಧೀಕರಣವಿರುವ ಒಂದೇ ತೊಟ್ಟಿ ಒಂದೇ ಕಡೆ ಇರಲಿ.

ಬಂಡವಾಳ ಸರಕು ವಲಯದ ಯೋಜನೆಯ ಎರಡನೇ ಹಂತದಲ್ಲಿ ಇಂಥ ಸಾಮಾನ್ಯ ಎಂಜಿನಿಯರಿಂಗ್ ಕೇಂದ್ರಗಳಿಗೆ ಅವಕಾಶ ಕಲ್ಪಿಸಿದ್ದು ನಿಮ್ಮ ಸಚಿವಾಲಯವೇ. ಬೆಂಗಳೂರಿನ ತಯಾರಿಕಾ ತಂತ್ರಜ್ಞಾನ ಸಂಸ್ಥೆ ಸಿಎಂಟಿಐ ಕೂಡ ನಿಮ್ಮ ಅಡಿಯಲ್ಲೇ ಇದೆ. ಮಷಿನಿಂಗ್ ತರಬೇತಿಯ ಹೊಣೆ ಅವರಿಗೆ ವಹಿಸಿ. ಸೇನಾ ವಾಹನ ತಯಾರಿಸುವ ಬಿಇಎಂಎಲ್ ಮತ್ತು ಮಿಧಾನಿ ರಕ್ಷಣಾ ಸಚಿವಾಲಯಕ್ಕೆ ಸೇರಿದವು, ಆದ್ದರಿಂದ ಆ ಸಚಿವರೊಡನೆ ನೀವೇ ಮಾತಾಡಿ ಎರಡು ಕೆಲಸ ಮಾಡಿಸಿಕೊಡಬೇಕು: ಒಂದು ಹ್ಯಾಚ್ ಮುಚ್ಚಳದ ಡ್ರಾಯಿಂಗ್, ಮತ್ತು ಪರೀಕ್ಷೆಗೆ ಗುಂಡು ಹೊಡೆದು ಹಾಳು ಮಾಡಲು ಸಾಕಾಗುವಷ್ಟು ಟೈಟಾನಿಯಂ ಪ್ಲೇಟ್.

ಇತಿ,
ಹೆಬ್ಬಾಳ ಮತ್ತು ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳ ವೆಲ್ಡಿಂಗ್, ಮಷಿನಿಂಗ್ ಹಾಗೂ ಲೋಹ ಪರೀಕ್ಷೆಯ ಕೆಲಸಗಾರರು
ಮೈಸೂರು