ಇನ್‌ಹೇಲರ್‌ಗೆ ಬೀಗ ಹಾಕಬೇಡಿ

ಮಾನ್ಯ ಸಂಪಾದಕರೇ,

ನನ್ನ ಮಗಳಿಗೆ ಆಸ್ತಮಾ ಇದೆ, ಶೇಂಗಾ ಅಲರ್ಜಿಯೂ ಇದೆ. ಅವಳ ಶಾಲೆಯಲ್ಲಿ ಮಕ್ಕಳ ಇನ್‌ಹೇಲರ್‌ಗಳನ್ನೆಲ್ಲ ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಮಕ್ಕಳು ಸುಮ್ನೆ ಆಟಕ್ಕೆ ಬಳಸಿಬಿಟ್ಟಾರು ಅನ್ನುವ ಭಯ. ಆ ಭಯ ನನಗೂ ಅರ್ಥವಾಗುತ್ತದೆ. ಆದರೆ ಉಸಿರು ಕಟ್ಟಿದ ಮಗು ಕೀಲಿಕೈ ಸಿಗುವವರೆಗೆ ಕಾಯಬೇಕೇ?

ಆಸ್ತಮಾ ಜೋರಾದರೆ ಮಗುವನ್ನು ನೆಟ್ಟಗೆ ಕೂರಿಸಿ, ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಮೂಲಕ ಸಾಲ್ಬುಟಮಾಲ್ ಎಂಬ ಶ್ವಾಸನಾಳ ಸಡಿಲಿಸುವ ಔಷಧಿಯನ್ನು ಒಂದೊಂದೇ ಪಫ್ ಕೊಡಬೇಕು. ಮಾತಾಡಲೂ ಆಗದಿದ್ದರೆ, ತುಟಿ ನೀಲಿಯಾದರೆ ತಕ್ಷಣ ಆಂಬುಲೆನ್ಸ್ ಕರೆಯಬೇಕು. ಎದೆಯ ಸುಂಯ್‌ಗುಟ್ಟುವ ಸದ್ದು ನಿಂತಿತು ಅಂತ ಸಮಾಧಾನಪಡುವ ಹಾಗಿಲ್ಲ. ಗಾಳಿಯೇ ಸರಿಯಾಗಿ ಆಡದಿದ್ದಾಗಲೂ ಸದ್ದು ನಿಲ್ಲುತ್ತದೆ. ಇದು ಎಷ್ಟೋ ಶಿಕ್ಷಕರಿಗೆ ಗೊತ್ತಿಲ್ಲ, ಯಾರೂ ಹೇಳಿಕೊಟ್ಟಿಲ್ಲ ಅಲ್ವಾ.

ತೀವ್ರ ಅಲರ್ಜಿ ನಿಮಿಷಗಳಲ್ಲೇ ಕೈಮೀರಬಹುದು. ಗಂಟಲು ಬಿಗಿದರೆ, ಮಗು ಕುಸಿದರೆ ತೊಡೆಯ ಹೊರಭಾಗಕ್ಕೆ ಅಡ್ರಿನಲಿನ್ ಎಂಬ ತುರ್ತು ಔಷಧಿ ಚುಚ್ಚಬೇಕು. ಅಲರ್ಜಿ ಮಾತ್ರೆ ಕೊಟ್ಟು ನೋಡೋಣ ಅಂತ ಕಾಯುವುದು ಅಪಾಯ. ಮಗುವನ್ನು ಎಬ್ಬಿಸಿ ನಡೆಸಲೂಬಾರದು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕಳಿಸಲೇಬೇಕು, ಕೆಲವು ಗಂಟೆ ಬಿಟ್ಟು ಮತ್ತೆ ಮರುಕಳಿಸಬಹುದು.

ಬ್ರಿಟನ್‌ನಲ್ಲಿ ಶಾಲೆಗಳೇ ತುರ್ತು ಇನ್‌ಹೇಲರ್ ಇಟ್ಟುಕೊಳ್ಳಲು 2014ರಿಂದ, ಅಡ್ರಿನಲಿನ್ ಪೆನ್ (ಪೆನ್ನಿನಂಥ ಸಿದ್ಧ ಇಂಜೆಕ್ಷನ್) ಇಟ್ಟುಕೊಳ್ಳಲು 2017ರಿಂದ ಕಾನೂನಿನ ಅವಕಾಶವಿದೆ. ಎಲ್ಲ ಕಡೆಯೂ ಇಂಥ ನಿಯಮ ಬರಲಿ. ಅದಕ್ಕೂ ಮೊದಲು ಬೀರುವಿನ ಬೀಗ ತೆಗೆಯಿರಿ. ವೈದ್ಯರು ಬರೆದುಕೊಟ್ಟ ತುರ್ತು ಸೂಚನೆಯ ಪ್ರತಿ ಆಟದ ಮೇಷ್ಟ್ರಿಗೂ, ಶಾಲಾ ಬಸ್ಸಿನವರಿಗೂ ಸಿಗಲಿ.

– ಒಬ್ಬ ತಾಯಿ