ನೀರಷ್ಟೇ ಅಲ್ಲ, ಮೀನನ್ನೂ ಪರೀಕ್ಷೆ ಮಾಡಿಸಿ: ಪರಿಸರ ಸಚಿವರಿಗೊಂದು ಬಹಿರಂಗ ಪತ್ರ

ಸಚಿವರೇ, ನಮಸ್ಕಾರ.

ನಮ್ಮೂರು ಬಿಡದಿ ಹತ್ತಿರ, ಬೈರಮಂಗಲ ಕೆರೆಯ ಕೆಳಗಡೆ. ಬೆಂಗಳೂರಿನ ಕೊಳಚೆ ಹೊತ್ತು ವೃಷಭಾವತಿ ಹೇಗೆ ಬರುತ್ತಾಳೆ ಅಂತ ನಿಮಗೆ ಹೇಳಬೇಕಾಗಿಲ್ಲ. ನೊರೆ, ನಾತದ ಬಗ್ಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಈ ಪತ್ರ ಮೀನಿನ ಬಗ್ಗೆ.

ಹೋದ ವರ್ಷ ತಂಗಿ ಬಾಣಂತನಕ್ಕೆ ಬಂದಿದ್ದಳು. ಬಾಣಂತಿಗೆ ಕೊರಮೀನು ಒಳ್ಳೆಯದು ಅಂತ ಅಮ್ಮ ಹಳ್ಳದಲ್ಲಿ ಹಿಡಿದ ಎರಡು ಮೀನು ತರಿಸಿದರು. ನನಗೆ ಭಯವಾಯಿತು. ತಿನ್ನಬಹುದೋ ಬೇಡವೋ ಕೇಳೋಣ ಅಂತ ಒಂದನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಒಂದು ಸರ್ಕಾರಿ ಕಚೇರಿಗೆ ಹೋದೆ. "ನೀರಾದ್ರೆ ತನ್ನಿ, ಮೀನು ನಮಗೆ ಬರಲ್ಲ" ಅಂದರು. ಇನ್ನೊಂದು ಕಚೇರಿಯಲ್ಲಿ ಅರ್ಜಿ ಬರೆಸಿಕೊಂಡು, ಸಾಹೇಬರು ಬರಲಿ ಅಂತ ಕೂರಿಸಿದರು. ಸಂಜೆ ಹೊತ್ತಿಗೆ ಐಸ್ ಕರಗಿ ಮೀನು ಕೊಳೆಯಿತು. "ನಾತ, ಹೊರಗೆ ಎಸೀರಿ" ಅಂದರು! ಮನೆಗೆ ಬಂದರೆ ಅಮ್ಮ ಇನ್ನೊಂದು ಮೀನಿನ ಸಾರು ಮಾಡಿ ಬಡಿಸಿಯಾಗಿತ್ತು. ತಂಗಿ ಕೂಸಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಯಮ ನಿಮಗೇ ಚೆನ್ನಾಗಿ ಗೊತ್ತು. ನೀರು ಮೀನುಗಾರಿಕೆಗೆ ಸರಿಯಿದೆಯಾ ಅಂತ ನೋಡುವ 'ಡಿ' ದರ್ಜೆಯಲ್ಲಿ ಅಳೆಯುವುದು ಪಿಎಚ್, ಕರಗಿದ ಆಮ್ಲಜನಕ, ಅಮೋನಿಯಾ, ಇಷ್ಟೇ. ಮೀನು ಬದುಕುತ್ತದಾ ಅನ್ನುವುದು ಅದರಲ್ಲಿ ಗೊತ್ತಾಗಬಹುದು, ಅದನ್ನು ತಿಂದವರ ಗತಿ ಏನು ಅನ್ನುವುದು ಗೊತ್ತಾಗುವುದಿಲ್ಲ ಅಲ್ವಾ? ಕೀಟನಾಶಕ ಡಿಡಿಟಿ, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿರುವ ಪಿಸಿಬಿ ಅನ್ನುವ ರಾಸಾಯನಿಕ, ಪಾದರಸ ಇಂಥವು ನೀರಲ್ಲಿ ಸಿಗುವುದೇ ಕಮ್ಮಿ. ಕೆಸರಲ್ಲಿ ಕೂರುತ್ತವೆ. ಕೆಸರಿನ ಹುಳುವನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ಕೊರಮೀನು ತಿನ್ನುತ್ತದೆ, ಕೊರಮೀನನ್ನು ನಾವು ತಿನ್ನುತ್ತೇವೆ. ಮೈಗೆ ಸೇರಿದ್ದು ಬೇಗ ಹೊರಗೆ ಹೋಗುವುದಿಲ್ಲ, ಒಂದೊಂದು ಮೆಟ್ಟಿಲಿಗೂ ಜಾಸ್ತಿಯಾಗುತ್ತಾ ಬರುತ್ತದೆ. ಡಿಡಿಟಿ, ಪಿಸಿಬಿ ಎದೆಹಾಲಿಗೂ ಇಳಿಯುತ್ತವೆ.

ಅಮೆರಿಕದ ಕ್ಲಿಯರ್ ಲೇಕ್ ಕೆರೆಗೆ 1949ರಿಂದ 1957ರ ಒಳಗೆ ಮೂರು ಸಲ ನುಸಿ ಕೊಲ್ಲಲು ಡಿಡಿಟಿ ಜಾತಿಯದೇ ಕೀಟನಾಶಕ ಡಿಡಿಡಿ ಹಾಕಿದರು. ಸುಮಾರು 5 ಕೋಟಿ ಭಾಗ ನೀರಿಗೆ ಬರೀ 1 ಭಾಗ. ಆಮೇಲೆ ಅಲ್ಲಿ ಮೀನು ತಿನ್ನುವ ಹಕ್ಕಿಗಳು ಸತ್ತು ಬಿದ್ದವು. ಅವುಗಳ ಕೊಬ್ಬಿನಲ್ಲಿ 10 ಲಕ್ಷ ಭಾಗಕ್ಕೆ 1,600 ಭಾಗ ಡಿಡಿಡಿ ಸಿಕ್ಕಿತು. ಅಂದರೆ ನೀರಿನಲ್ಲಿದ್ದದ್ದರ 80,000 ಪಟ್ಟು. ಆ ಕೆರೆಯ ನೀರನ್ನಷ್ಟೇ ನೋಡಿದ್ದರೆ ಏನು ಗೊತ್ತಾಗುತ್ತಿತ್ತು?

ನಮ್ಮ ಹಳ್ಳದ ಮೀನಿನಲ್ಲಿ ಇವು ಇವೆ ಅಂತ ನಾನು ಹೇಳುತ್ತಿಲ್ಲ. ನೋಡಿ ಅಂತ ಕೇಳುತ್ತಿದ್ದೇನೆ. ಮೀನನ್ನು ಪರೀಕ್ಷೆ ಮಾಡಿಸಿ. ಕೆಸರನ್ನೂ ಮಾಡಿಸಿ. ಬೈರಮಂಗಲದಲ್ಲಿ ಮಾಡಿಸಿ, ಕೆಳಗೆ ಅರ್ಕಾವತಿಯಲ್ಲಿ ಮಾಡಿಸಿ, ಅವಳು ಕಾವೇರಿ ಸೇರುವ ಸಂಗಮದಲ್ಲೂ ಮಾಡಿಸಿ. ಯಾವ ಮೀನಿನಲ್ಲಿ ಎಷ್ಟಿದೆ, ಬಸುರಿ ಬಾಣಂತಿಯರು ತಿನ್ನಬಹುದಾ ಅಂತ ಕನ್ನಡದಲ್ಲಿ ಬರೆದು ಕೆರೆ ಏರಿ ಮೇಲೆ ಬೋರ್ಡ್ ಹಾಕಿಸಿ. ನೀರಿನ ರಿಪೋರ್ಟ್ ಮತ್ತೆ ಕಳಿಸಬೇಡಿ, ದಯವಿಟ್ಟು. ಮೀನಿನದ್ದು ಕೊಡಿ.

ಯಾವ ಕಚೇರಿಗೆ, ಯಾವ ದಿನ ತರಬೇಕು ಅಂತ ಒಂದು ಮಾತು ಹೇಳಿ ಸಾಕು. ಮೀನು ನಾನೇ ಹಿಡಿದು ತರುತ್ತೇನೆ, ಐಸ್ ಕೂಡ ಜಾಸ್ತಿ ಹಾಕಿಕೊಂಡು ಬರುತ್ತೇನೆ.

ಇಂತಿ,
ಬೈರಮಂಗಲ ಕೆರೆ ಕೆಳಗಿನ ಊರಿನವನು