ಹುಡುಗನನ್ನು ಬೆಂಚಿಗೆ ಕಳಿಸುವ ಮೊದಲು

ಚಿ. ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಆಗಲೇ ಉತ್ತರ ಕೊಡಬಹುದಿತ್ತು. ಆದರೆ ನೀನು ಆಗಲೇ ಅರ್ಧ ತೀರ್ಮಾನ ಮಾಡಿಕೊಂಡಿದ್ದೀಯ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬರೆದದ್ದನ್ನಾದರೂ ಮಧ್ಯೆ ಬಾಯಿ ಹಾಕದೆ ಓದುತ್ತೀಯ.

ನಿಮ್ಮ ಮಕ್ಕಳ ಬೇಸ್‌ಬಾಲ್ ಟೀಮಿನಲ್ಲಿ ಸೆಂಟರ್ ಫೀಲ್ಡರ್ ಹುಡುಗ, ಅಂದರೆ ದೂರದ ಔಟ್‌ಫೀಲ್ಡಿನ ನಡುಭಾಗ ಕಾಯುವವನು, 30 ಸಲ ಬ್ಯಾಟ್ ಹಿಡಿದು 4 ಹಿಟ್ ಹೊಡೆದಿದ್ದಾನೆ. ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು ನಾಲ್ಕೇ ಸಲ. ಹೆಡ್ ಕೋಚ್ ಕೂರಿಸೋಣ ಅಂತಿದ್ದಾರೆ. ಸುತ್ತ ನಿಂತ ಅಪ್ಪಂದಿರೂ ಗೊಣಗುತ್ತಿದ್ದಾರೆ. ನೀನು ಅಸಿಸ್ಟೆಂಟ್ ಕೋಚ್, ಒಂದು ಮಾತು ಹೇಳಲೇಬೇಕು. ನನ್ನನ್ನು ಕೇಳಿದರೆ, ಈಗಲೇ ಕೂರಿಸಬೇಡಿ. ಯಾಕೆ ಬೇಡ, ಮತ್ತೆ ಯಾವಾಗ ಕೂರಿಸಬೇಕು, ಎರಡನ್ನೂ ಹೇಳುತ್ತೇನೆ.

ನೀನು ನ್ಯೂಜೆರ್ಸಿಗೆ ಬಂದ ಮೇಲೆ ನಮ್ಮ ಬಾಸ್ಟನ್ ರೆಡ್ ಸಾಕ್ಸ್ ಟೀಮಿನ ಹಳೇ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ಪಾರ್ಟಿ ಸೇರಿದ್ದೀಯ, ಗೊತ್ತು. ಆದರೂ ನನ್ನ ಬಾಸ್ಟನ್ ಕಥೆ ಒಂದನ್ನು ಸಹಿಸಿಕೋ. ಜ್ಯಾಕಿ ಬ್ರಾಡ್ಲಿ ಜೂನಿಯರ್ ಅಂತ ರೆಡ್ ಸಾಕ್ಸ್‌ನಲ್ಲಿ ಸೆಂಟರ್ ಫೀಲ್ಡರ್ ಇದ್ದ. ಯಾಂಕೀಸ್‌ನ ಆರನ್ ಜಡ್ಜ್ ಹೊಡೆದ, ಗೋಡೆ ದಾಟಿ ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ) ಆಗಬೇಕಿದ್ದ ಚೆಂಡನ್ನು 2017ರ ಜುಲೈನಲ್ಲಿ ಗೋಡೆಯ ಮೇಲೆ ಕೈ ಚಾಚಿ ಕಿತ್ತುಕೊಂಡನಲ್ಲ, ಅವನೇ. ನಿನಗೆ ನೆನಪಿರಲೇಬೇಕು, ನಿಮ್ಮವರಿಗೆ ಆದ ಗಾಯ ಅದು.

ರೆಡ್ ಸಾಕ್ಸ್ ಮೈದಾನ ಫೆನ್‌ವೇ ಪಾರ್ಕಿನ ಔಟ್‌ಫೀಲ್ಡ್ ವಿಚಿತ್ರ. ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ. ಸೆಂಟರ್‌ನಿಂದ ಸ್ವಲ್ಪ ಬಲಕ್ಕೆ 420 ಅಡಿ ದೂರದ ಒಂದು ಮೂಲೆ. ಅಲ್ಲಿಗೆ ಚೆಂಡು ಬಿತ್ತು ಅಂದರೆ ಬ್ಯಾಟರ್ ಮೂರನೇ ಬೇಸಿನವರೆಗೆ ಆರಾಮಾಗಿ ಓಡಬಹುದು. ನಾಲ್ಕೂ ಬೇಸ್ ಸುತ್ತಿ ಬಂದರೆ ಒಂದು ರನ್. ಬ್ರಾಡ್ಲಿ ಇದ್ದಾಗ ಆ ಮೂಲೆ ಚಿಕ್ಕದಾದ ಹಾಗೆ ಕಾಣುತ್ತಿತ್ತು. ಅವನು ಮಹಾ ಓಟಗಾರನೇನಲ್ಲ. ಚೆಂಡು ಬ್ಯಾಟಿಗೆ ತಾಗಿದ ಸದ್ದಿಗೇ ಅವನ ಮೊದಲ ಹೆಜ್ಜೆ ಸರಿಯಾದ ದಿಕ್ಕಿಗೆ ಬಿದ್ದಿರುತ್ತಿತ್ತು. ಆಮೇಲೆ ಚೆಂಡಿಗೆ ಬೆನ್ನು ಹಾಕಿ, ಅದು ಬೀಳುವ ಜಾಗಕ್ಕೆ ನೇರ ಓಟ. ಅಲ್ಲಿ ಹೋಗಿ ತಿರುಗಿ ನಿಂತರೆ ಚೆಂಡು ಬಂದು ಕೈಗೆ ಬೀಳುತ್ತಿತ್ತು. ಮ್ಯಾಚಿಗೆ ಮುಂಚೆ ಬೇರೆಯವರು ಬ್ಯಾಟಿಂಗ್ ಪ್ರಾಕ್ಟೀಸ್ ಮಾಡುವಾಗಲೂ ಅವನು ಔಟ್‌ಫೀಲ್ಡಿನಲ್ಲಿ ಹರಟೆ ಹೊಡೆಯುತ್ತ ನಿಲ್ಲುತ್ತಿರಲಿಲ್ಲ. ನಿಜವಾದ ಮ್ಯಾಚಿನ ಹಾಗೆ ಒಂದೊಂದು ಚೆಂಡಿಗೂ ಓಡುತ್ತಿದ್ದ.

ಜನ ಡೈವ್ ಹೊಡೆದವನಿಗೆ ಚಪ್ಪಾಳೆ ತಟ್ಟುತ್ತಾರೆ. ಎಷ್ಟೋ ಸಲ ಆ ಡೈವ್ ಬೇಕಾಗುವುದೇ ಮೊದಲ ಹೆಜ್ಜೆ ತಡವಾಗಿದ್ದಕ್ಕೆ. ನಿಮ್ಮ ಹುಡುಗನ ಬಗ್ಗೆ ನೀನು ದೂರಿನ ಹಾಗೆ ಹೇಳಿದೆ ನೋಡು, "ಫೀಲ್ಡಿಂಗ್ ಚೆನ್ನಾಗಿದೆ ಅಂತಾರೆ ಮಾವ, ಆದ್ರೆ ಅವನು ಕಷ್ಟದ ಕ್ಯಾಚ್ ಹಿಡಿದಿದ್ದೇ ನಾನು ನೋಡಿಲ್ಲ" ಅಂತ. ನನಗೆ ಕೇಳಿಯೇ ಖುಷಿಯಾಯಿತು. ಮುಂದಿನ ಮ್ಯಾಚಿನಲ್ಲಿ ಫ್ಲೈ ಬಾಲ್ ಎದ್ದಾಗ ಚೆಂಡು ನೋಡಬೇಡ, ಅವನ ಕಾಲು ನೋಡು.

ಈಗ ಬ್ರಾಡ್ಲಿಯ ಬ್ಯಾಟಿಂಗಿಗೆ ಬರೋಣ. 2018ರ ಮೇ ತಿಂಗಳಲ್ಲಿ ಅವನ ಆವರೇಜ್ .200ಕ್ಕಿಂತ ಕೆಳಗಿತ್ತು, ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ಎರಡು ಹಿಟ್ಟೂ ಇಲ್ಲ. ಇಲ್ಲಿ ಬಾಸ್ಟನ್ನಿನ ರೇಡಿಯೋ ಹಚ್ಚಿದರೆ ಸಾಕು, ಅವನನ್ನು ತೆಗೆಯಿರಿ ಅನ್ನುವ ಮಾತೇ. ದಾರಿಯೂ ಇತ್ತು. ರೈಟ್ ಫೀಲ್ಡಿನ ಮೂಕಿ ಬೆಟ್ಸ್‌ನನ್ನು ಸೆಂಟರ್‌ಗೆ ಸರಿಸಿ, ಹೆಚ್ಚಾಗಿ ಬರೀ ಬ್ಯಾಟ್ ಮಾಡುತ್ತಿದ್ದ ಜೆ.ಡಿ. ಮಾರ್ಟಿನೆಜ್‌ನನ್ನು ಔಟ್‌ಫೀಲ್ಡಿಗೆ ತಂದರೆ ಇನ್ನೊಬ್ಬ ಬ್ಯಾಟರ್‌ಗೆ ಜಾಗ ಸಿಗುತ್ತಿತ್ತು. ಮ್ಯಾನೇಜರ್ ಅಲೆಕ್ಸ್ ಕೋರಾಗೆ ಅದು ಆ ಹುದ್ದೆಯಲ್ಲಿ ಮೊದಲ ವರ್ಷ. ಅವನು ಬ್ರಾಡ್ಲಿಯನ್ನು ಕೆಲವು ಮ್ಯಾಚ್ ಕೂರಿಸಿದ, ನಿಜ. ಆದರೆ ಜಾಗ ಕಿತ್ತುಕೊಳ್ಳಲಿಲ್ಲ. ಬ್ಯಾಟಿಂಗ್ ಸಾಲಿನಲ್ಲಿ ಕೊನೆಯ ಒಂಬತ್ತನೆಯವನಾಗಿ ಇಟ್ಟುಕೊಂಡು ಆಡಿಸುತ್ತ ಹೋದ. ಬ್ರಾಡ್ಲಿ ಚೆಂಡನ್ನು ಗಟ್ಟಿಯಾಗೇ ಹೊಡೆಯುತ್ತಿದ್ದ, ಅದು ಹೋಗಿ ಫೀಲ್ಡರ್ ಕೈಗೇ ಬೀಳುತ್ತಿತ್ತು, ಅಷ್ಟೇ. ಮಧ್ಯೆ ಮಾರ್ಟಿನೆಜ್ ಜೊತೆ ಕೂತು ಬ್ಯಾಟ್ ಬೀಸುವ ಕ್ರಮವನ್ನೂ ತಿದ್ದಿಕೊಂಡ. ಸೀಸನ್ ಮುಗಿದಾಗ ಆವರೇಜ್ .234. ದೊಡ್ಡದೇನಲ್ಲ. ಒಳ್ಳೆಯ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿ ಮಾತ್ರ ಅವನಿಗೇ ಬಂತು.

ಅಕ್ಟೋಬರಿನಲ್ಲಿ ಹ್ಯೂಸ್ಟನ್ ವಿರುದ್ಧ ಲೀಗ್ ಫೈನಲ್ ಸರಣಿ. ಬ್ರಾಡ್ಲಿ 15 ಸಲ ಬ್ಯಾಟ್ ಹಿಡಿದು ಬರೀ 3 ಹಿಟ್ ಹೊಡೆದ. ಎರಡನೇ ಮ್ಯಾಚಿನಲ್ಲಿ ಗೆರಿಟ್ ಕೋಲ್ ಎಸೆದ ಚೆಂಡನ್ನು ಹಸಿರು ಗೋಡೆಗೆ ಬಡಿದು ಮೂರು ರನ್. ಮೂರನೇ ಮ್ಯಾಚಿನಲ್ಲಿ ಗ್ರ್ಯಾಂಡ್ ಸ್ಲಾಮ್ (ಮೂರೂ ಬೇಸಿನಲ್ಲಿ ಜನ ಇದ್ದಾಗ ಹೋಮ್ ರನ್), ನಾಲ್ಕು ರನ್. ನಾಲ್ಕನೇ ಮ್ಯಾಚಿನಲ್ಲಿ ಎರಡು ರನ್ನಿನ ಹೋಮ್ ರನ್. ಮೂರೂ ಇಬ್ಬರು ಔಟಾದ ಮೇಲೆ ಬಂದದ್ದು, ಇನ್ನೊಬ್ಬ ಔಟಾದರೆ ಸರದಿಯೇ ಮುಗಿಯುತ್ತಿತ್ತು. ಒಟ್ಟು 9 ರನ್. ಸರಣಿಯ ಎಂವಿಪಿ, ಅಂದರೆ ಶ್ರೇಷ್ಠ ಆಟಗಾರ, ಅವನೇ, ಆವರೇಜ್ ಲೆಕ್ಕ ಹಾಕಿದರೆ .200! ಅದೇ ನಾಲ್ಕನೇ ಮ್ಯಾಚ್ ಮುಗಿದದ್ದು ಹೇಗೆ ಗೊತ್ತಾ? ಮೂರೂ ಬೇಸಿನಲ್ಲಿ ಹ್ಯೂಸ್ಟನ್ ಜನ, ಬಾಸ್ಟನ್ ಎರಡೇ ರನ್ ಮುಂದೆ. ಲೆಫ್ಟ್ ಫೀಲ್ಡಿನಲ್ಲಿ ನಮ್ಮ ಬೆನಿನ್‌ಟೆಂಡಿ ಮುಂದಕ್ಕೆ ಹಾರಿ ಕ್ಯಾಚ್ ಹಿಡಿದ. ಅದು ಅವನ ಗ್ಲೌಸಿಗೆ ಸಿಗದೆ ಹಿಂದೆ ಹೋಗಿದ್ದರೆ ಮ್ಯಾಚೂ ಹೋಗುತ್ತಿತ್ತು.

ಈ ಕಥೆ ಕೇಳಿಸಿ ನಿಮ್ಮ ಹುಡುಗನೂ ಅಕ್ಟೋಬರಿನಲ್ಲಿ ಹೀರೋ ಆಗುತ್ತಾನೆ ಅಂತ ನಿನ್ನನ್ನು ನಂಬಿಸಲು ಹೊರಟಿಲ್ಲ. ಬರೀ ಆ ಮೂರು ಹಿಟ್ ನೋಡಿ ಕೋರಾ ಮಾಡಿದ್ದು ಸರಿ ಅನ್ನುವುದೂ ತಪ್ಪು. ಆ ಮೂರು ಹೊಡೆತ ಬರದಿದ್ದರೂ ಮೇ ತಿಂಗಳ ತೀರ್ಮಾನ ಸರಿಯೇ ಇತ್ತು. ಅದು ಲೆಕ್ಕದ ಮಾತು, ಸ್ವಲ್ಪ ತಾಳ್ಮೆಯಿಂದ ಕೇಳು.

ಒಬ್ಬ ಆಟಗಾರ ಸೀಸನ್ನಿನಲ್ಲಿ 500 ಸಲ ಬ್ಯಾಟ್ ಹಿಡಿದ ಅಂತ ಇಟ್ಟುಕೋ. .234ಕ್ಕೂ .254ಕ್ಕೂ ಇರುವ ವ್ಯತ್ಯಾಸ 10 ಹಿಟ್. ಆರು ತಿಂಗಳಲ್ಲಿ ಹತ್ತು. ತಿಂಗಳಿಗೆ ಎರಡೂ ಅಲ್ಲ. ಒಂದು ಸಿಂಗಲ್ (ಮೊದಲ ಬೇಸಿನವರೆಗಿನ ಹಿಟ್) ಹೊಡೆದದ್ದಕ್ಕೂ ಔಟ್ ಆದದ್ದಕ್ಕೂ ಸರಾಸರಿ ಮುಕ್ಕಾಲು ರನ್ನಿನಷ್ಟು ವ್ಯತ್ಯಾಸ ಬೀಳುತ್ತದೆ. ಅಂದರೆ ಆ ಹತ್ತು ಹಿಟ್‌ಗೆ ಏಳೆಂಟು ರನ್. ಇನ್ನು ಸೆಂಟರ್ ಮತ್ತು ರೈಟ್ ನಡುವಿನ ಸಂದಿಯಲ್ಲಿ ಬೀಳಬೇಕಿದ್ದ ಡಬಲ್ (ಎರಡನೇ ಬೇಸಿನವರೆಗಿನ ಹಿಟ್) ಒಂದನ್ನು ಓಡಿ ಹಿಡಿದರೆ, ಒಂದೇ ಕ್ಯಾಚಿಗೆ ಹತ್ತಿರ ಹತ್ತಿರ ಒಂದು ರನ್ ಉಳಿಯಿತು. ಬೇರೆಯವನು ಹಿಡಿಯಲಾಗದ ಅಂಥ ಎಂಟು ಹತ್ತು ಚೆಂಡು ಹಿಡಿದರೆ ಲೆಕ್ಕ ಚುಕ್ತಾ. ತಮಾಷೆ ಅಂದರೆ, ಹಿಟ್ ಹೊಡೆದದ್ದು ಸ್ಕೋರ್ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೂರುತ್ತದೆ. ಆ ಕ್ಯಾಚ್ ಬೇರೆ ಸಾದಾ ಔಟ್‌ಗಳ ಜೊತೆ ಸೇರಿ ಮರೆತುಹೋಗುತ್ತದೆ. ಅಪ್ಪಂದಿರು ಗೊಣಗುವುದು ಅದಕ್ಕೇ.

ಮಕ್ಕಳ ಆಟದಲ್ಲಿ ಇದು ಇನ್ನೂ ಜಾಸ್ತಿ. ನಿಮ್ಮ ಊರಿನ ಮೈದಾನಕ್ಕೆ ಬೇಲಿ ಇಲ್ಲ ಅಂದೆಯಲ್ಲ. ಚೆಂಡು ಸೆಂಟರ್ ಫೀಲ್ಡರ್‌ನನ್ನು ದಾಟಿತು ಅಂದರೆ ಸಾಕರ್ ಮೈದಾನದವರೆಗೂ ಉರುಳುತ್ತದೆ. ಅದು ಡಬಲ್ ಅಲ್ಲ ಪುಟ್ಟ, ಸೀದಾ ಹೋಮ್ ರನ್. ಅವನ ಬದಲು ಹಾಕಬೇಕು ಅಂತಿರುವ ಹುಡುಗ ಚೆನ್ನಾಗಿ ಹೊಡೆಯುತ್ತಾನೆ ಸರಿ, ಫ್ಲೈ ಬಾಲ್ ಎದ್ದರೆ ಅದರ ಕೆಳಗೆ ಗಿರಕಿ ಹೊಡೆಯುತ್ತಾನೆ ಅಂತ ನೀನೇ ನಕ್ಕೆ. ಅವನ ಎರಡು ಹಿಟ್ ಎಷ್ಟು ತರುತ್ತದೆ, ಬಿಟ್ಟ ಒಂದು ಚೆಂಡು ಎಷ್ಟು ಒಯ್ಯುತ್ತದೆ, ಹೆಡ್ ಕೋಚ್ ಮುಂದೆ ಇಟ್ಟು ಕೇಳು.

ಇನ್ನೊಂದು ವಿಷಯ ಆ ಗೊಣಗುವವರಿಗೆ ಹೊಳೆದಿಲ್ಲ ಅಂತ ಕಾಣುತ್ತದೆ. ಈ ಹುಡುಗರು ದೊಡ್ಡ ಮೈದಾನಕ್ಕೆ ಬಂದದ್ದು ಈ ವರ್ಷ. ಹೋದ ವರ್ಷ ಪಿಚರ್ 46 ಅಡಿಯಿಂದ ಎಸೆಯುತ್ತಿದ್ದ, ಈಗ 60 ಅಡಿ 6 ಇಂಚು. ಬೇಸಿನಿಂದ ಬೇಸಿಗೆ 60 ಅಡಿ ಇದ್ದದ್ದು 90 ಆಗಿದೆ. ಸಣ್ಣ ಮೈದಾನದಲ್ಲಿ ಚೆಂಡನ್ನು ಮೆಲ್ಲಗೆ ನೆಲಕ್ಕೆ ತಳ್ಳಿ ಓಡಿ ಬೇಸ್ ಮುಟ್ಟುತ್ತಿದ್ದ ಹುಡುಗ ಈಗ ಹತ್ತು ಹೆಜ್ಜೆ ಮುಂಚೆಯೇ ಔಟ್. ಕಾಲಿನ ಮೇಲೆ ಬದುಕುವ ಆಟಗಾರನಿಗೆ ಮೊದಲ ಏಟು ಬೀಳುವುದು ಇಲ್ಲಿಯೇ. ಮೈದಾನ ಹಿಗ್ಗಿದ್ದರಿಂದ ಅದೇ ಕಾಲಿಗೆ ಔಟ್‌ಫೀಲ್ಡಿನಲ್ಲಿ ಬೆಲೆಯೂ ಹೆಚ್ಚಾಗಿದೆ. ಎರಡೂ ಒಟ್ಟಿಗೇ ಆಗಿದೆ. ನೀವು ಮೊದಲನೆಯದನ್ನು ಮಾತ್ರ ಎಣಿಸುತ್ತಿದ್ದೀರಿ.

ಮತ್ತೆ 30 ಸಲದಲ್ಲಿ 4 ಹಿಟ್ ಅನ್ನುವುದು ಏನು ಮಹಾ ಲೆಕ್ಕ? ಇನ್ನು ಮೂರು ಚೆಂಡು ಫೀಲ್ಡರ್ ಪಕ್ಕಕ್ಕೆ ಬಿದ್ದಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವನು ಹೇಗೆ ಔಟಾಗುತ್ತಿದ್ದಾನೆ ಅಂತ ನೋಡು. ಗಟ್ಟಿಯಾಗಿ ಹೊಡೆದು ಔಟಾದರೆ ಕಾದು ನೋಡು. ನಾಲ್ಕು ಕೆಟ್ಟ ಚೆಂಡು ಬಿಟ್ಟು ವಾಕ್ ತೆಗೆದುಕೊಂಡು ಪುಕ್ಕಟೆ ಮೊದಲ ಬೇಸಿಗೆ ಹೋಗುತ್ತಿದ್ದರೂ ಕಾದು ನೋಡು, ಬೇಸಿಗೆ ಹೋದರೆ ಸಾಕಲ್ಲ. ಎದೆ ಮಟ್ಟದ ವೇಗದ ಚೆಂಡಿಗೆ ತಡವಾಗಿ ಬೀಸಿ ಬೀಸಿ ಸ್ಟ್ರೈಕ್‌ಔಟ್ ಆಗುತ್ತಿದ್ದರೆ ಮಾತ್ರ ರೋಗ ಬೇರೆ. ಸ್ವಲ್ಪ ಹಗುರದ ಬ್ಯಾಟ್ ಕೊಟ್ಟು, ಹಿಡಿಯುವ ಕೈ ಮೇಲಕ್ಕೆ ಸರಿಸಿ ಹಿಡಿಸಿ ನೋಡು. ಬಂಟ್, ಅಂದರೆ ಬೀಸದೆ ಬ್ಯಾಟ್ ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ಉರುಳಿಸುವುದು, ಅದನ್ನು ಕಲಿಸು. ಒಂಬತ್ತನೇ ನಂಬರಿಗೆ ಇಳಿಸು, ಅದರಲ್ಲಿ ಅವಮಾನವೇನಿಲ್ಲ.

ನಾವು ಕ್ರಿಕೆಟ್ಟಿನವರು, ನಮಗೆ ಇದು ಹೊಸದಲ್ಲ ಕಣೋ. ನಮ್ಮ ಕಿರ್ಮಾನಿಯನ್ನು ಟೀಮಿಗೆ ತೆಗೆದುಕೊಂಡದ್ದು ವಿಕೆಟ್ ಹಿಂದಿನ ಕೈಗಾಗಿ. ಅದೇ ಮನುಷ್ಯ 1983ರಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ಜೊತೆ ನಿಂತು ಮುರಿಯದ 126 ರನ್ ಜೊತೆಯಾಟ ಆಡಿದ. ಅವನ ಪಾಲು 24. ಅಷ್ಟೇ ಬೇಕಿತ್ತು.

ಇನ್ನು ಯಾವಾಗ ಕೂರಿಸಬೇಕು ಅನ್ನುವುದು. ಇದನ್ನೂ ಬ್ರಾಡ್ಲಿಯಿಂದಲೇ ಹೇಳುತ್ತೇನೆ, ಇಲ್ಲದಿದ್ದರೆ ಮಾವ ಬರೀ ತನಗೆ ಬೇಕಾದ ಕಥೆ ಹೇಳಿದ ಅನ್ನುತ್ತೀಯ. 2014ರಲ್ಲಿ ಅವನ ಆವರೇಜ್ .198, ವರ್ಷವಿಡೀ ಒಂದೇ ಹೋಮ್ ರನ್. ಆಗಸ್ಟಿನಲ್ಲಿ ಅವನನ್ನು ಕೆಳಗಿನ ಲೀಗಿಗೆ, ಪಾಟಕೆಟ್‌ಗೆ ಕಳಿಸಿದರು. ಸರಿಯಾಗೇ ಮಾಡಿದರು. ಅದೇ ದಿನ ಮೇಲೆ ಬಂದವನು ಮೂಕಿ ಬೆಟ್ಸ್! ಬದಲಿಗೆ ಅಂಥವನು ಕಾದಿದ್ದರೆ ಯಾರಿಗೂ ಜಾಗ ಭದ್ರವಲ್ಲ. ಬ್ರಾಡ್ಲಿ ಅಲ್ಲಿಗೆ ಮುಗಿದುಹೋಗಲೂ ಇಲ್ಲ. 2016ರಲ್ಲಿ ಸತತ 29 ಮ್ಯಾಚಿನಲ್ಲಿ ಹಿಟ್ ಹೊಡೆದು ಆಲ್ ಸ್ಟಾರ್ ಟೀಮಿಗೆ ಆಯ್ಕೆಯಾದ. ಆಮೇಲೆ 2021ರಲ್ಲಿ ಮಿಲ್ವಾಕಿ ಟೀಮಿಗೆ ಹೋದ. 134 ಮ್ಯಾಚ್ ಆಡಿಸಿದರು, ಆವರೇಜ್ .163. ಗ್ಲೌಸ್ ಇನ್ನೂ ಚೆನ್ನಾಗೇ ಇತ್ತು. ಆದರೆ .234ಕ್ಕೆ ಗ್ಲೌಸ್ ಜಾಮೀನು ನಿಲ್ಲುತ್ತದೆ, .163ಕ್ಕೆ ನಿಲ್ಲುವುದಿಲ್ಲ. ನನ್ನ ಪ್ರಕಾರ ಅಲ್ಲಿ ಬೇಗ ಕೂರಿಸಬೇಕಿತ್ತು. ಮರುವರ್ಷ ಬಾಸ್ಟನ್ನಿಗೆ ವಾಪಸ್ ಬಂದ, ಆಗಸ್ಟಿನಲ್ಲಿ ಬಿಟ್ಟು ಕಳಿಸಿದರು. ನನಗೆ ಬೇಜಾರಾಯಿತು, ಆದರೂ ತಪ್ಪು ಅನ್ನಿಸಲಿಲ್ಲ.

2018ರಲ್ಲಿ ಉಳಿದವರು ಹೊಡೆಯುತ್ತಿದ್ದರು ಅನ್ನುವುದನ್ನೂ ಮರೆಯಬೇಡ. ಬೆಟ್ಸ್ .346, ಮಾರ್ಟಿನೆಜ್ 43 ಹೋಮ್ ರನ್. ಟೀಮ್ ಮೊದಲ 19 ಮ್ಯಾಚಿನಲ್ಲಿ 17 ಗೆದ್ದಿತ್ತು. ಹಾಗಿರುವಾಗ ಒಂಬತ್ತನೆಯವನನ್ನು ಕಾಯುವುದು ಸುಲಭ. ನಿಮ್ಮಲ್ಲಿ ಇನ್ನೂ ಮೂರು ಜನ ಹೊಡೆಯದೆ ಕೂತಿದ್ದರೆ ನನ್ನ ಮಾತು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಅದನ್ನು ನೀನು ಫೋನಿನಲ್ಲಿ ಹೇಳಲಿಲ್ಲ.

ಹಾಗಾಗಿ ಇನ್ನು ನಾಲ್ಕು ವಾರ ಅಂತ ನೀನೂ ಹೆಡ್ ಕೋಚೂ ನಿಮ್ಮಲ್ಲೇ ಒಂದು ಗಡುವು ಇಟ್ಟುಕೊಳ್ಳಿ. ಹುಡುಗನಿಗೆ ಹೇಳಬೇಡಿ. ಹೇಳಿದರೆ ಪ್ರತಿ ಸಲವೂ ಗಡುವನ್ನೇ ನೋಡುತ್ತ ಬ್ಯಾಟ್ ಬೀಸುತ್ತಾನೆ. ಮಧ್ಯೆ ಒಂದು ಮ್ಯಾಚ್ ರೆಸ್ಟ್ ಕೊಡಿ. ಕೊಡುವಾಗ ಇದು ರೆಸ್ಟ್, ಶನಿವಾರ ಸೆಂಟರ್‌ನಲ್ಲಿ ನೀನೇ ಅಂತ ಮುಖ ನೋಡಿ ಹೇಳಿ. 1951ರಲ್ಲಿ, ಮುಂದೆ ಮಹಾನ್ ಸೆಂಟರ್ ಫೀಲ್ಡರ್ ಆದ ವಿಲ್ಲಿ ಮೇಸ್ ಮೊದಲ 26 ಸಲದಲ್ಲಿ ಒಂದೇ ಹಿಟ್ ಹೊಡೆದು ಅಳುತ್ತ ಕೂತಿದ್ದನಂತೆ. ಇಪ್ಪತ್ತು ವರ್ಷದ ಹುಡುಗ. ಮ್ಯಾನೇಜರ್ ಲಿಯೋ ಡುರೋಷರ್, ನಾನಿರುವವರೆಗೂ ಸೆಂಟರ್ ಫೀಲ್ಡ್ ನಿನ್ನದೇ ಅಂದನಂತೆ. ಆ ವರ್ಷ ಮೇಸ್ ರೂಕಿ ಆಫ್ ದಿ ಇಯರ್, ಅಂದರೆ ವರ್ಷದ ಶ್ರೇಷ್ಠ ಹೊಸಬ. ಎಲ್ಲರೂ ಮೇಸ್ ಅಲ್ಲ, ಸರಿ. ಆದರೆ ತಾನು ನಾಳೆ ಆಡುತ್ತೇನೋ ಇಲ್ಲವೋ ಅಂತ ಗೊತ್ತಿಲ್ಲದೆ ಯಾವ ಹುಡುಗ ನೆಟ್ಟಗೆ ಬ್ಯಾಟ್ ಬೀಸುತ್ತಾನೆ?

ಗಡುವಿಗೂ ಮುಂಚೆ ಕೂರಿಸಬೇಕಾದ ಸಂದರ್ಭ ಒಂದಿದೆ. ಸ್ಟ್ರೈಕ್‌ಔಟ್ ಆಗಿ ತಲೆ ತಗ್ಗಿಸಿಕೊಂಡು ಔಟ್‌ಫೀಲ್ಡಿಗೆ ಹೋಗಿ, ಅದೇ ಯೋಚನೆಯಲ್ಲಿ ಮೊದಲ ಹೆಜ್ಜೆ ತಡ ಮಾಡಿದರೆ. ಬ್ಯಾಟಿನ ಕೊರಗು ಗ್ಲೌಸಿಗೆ ಇಳಿದರೆ ಅವನನ್ನು ಇಟ್ಟುಕೊಳ್ಳಲು ಕಾರಣವೇ ಉಳಿಯುವುದಿಲ್ಲ. ಆಗ ಎರಡು ಮ್ಯಾಚ್ ಕೂರಿಸಿ. ಯಾಕೆ ಅಂತಲೂ ಹೇಳಿ.

ಅಪ್ಪಂದಿರಿಗೆ ಉತ್ತರ ಕೊಡಲು ಹೋಗಬೇಡ. ಸುಮ್ನೆ ಸಮಯ ಹಾಳು.

ನಿನ್ನ ಮಗ ಲೆಫ್ಟ್ ಫೀಲ್ಡಿನಲ್ಲಿ ನಿಲ್ಲುತ್ತಾನಲ್ಲ, ಈ ಮಾತಿನಲ್ಲಿ ಅವನನ್ನು ಸೆಂಟರ್‌ಗೆ ತರುವ ಆಸೆ ನಿನ್ನ ಮನಸ್ಸಿನ ಮೂಲೆಯಲ್ಲಿ ಇದೆಯೋ ಇಲ್ಲವೋ, ನಾನು ಕೇಳುವುದಿಲ್ಲ. ನೀನೇ ಕೇಳಿಕೋ. ಇದ್ದರೆ ಈ ತೀರ್ಮಾನದಿಂದ ಹಿಂದೆ ಸರಿದು ಹೆಡ್ ಕೋಚ್‌ಗೇ ಬಿಡು.

ಶನಿವಾರದ ಮ್ಯಾಚ್ ಆದ ಮೇಲೆ ನನಗೆ ಸ್ಕೋರ್ ಬೇಡ. ಹುಡುಗ ಪ್ರತಿ ಸಲ ಹೇಗೆ ಔಟಾದ, ಫ್ಲೈ ಬಾಲ್‌ಗೆ ಮೊದಲ ಹೆಜ್ಜೆ ಎತ್ತ ಇಟ್ಟ, ಇಷ್ಟು ಬರೆದು ಕಳಿಸು. ಅಕ್ಕ ಅಲ್ಲೇ ಇದ್ದರೆ ನನ್ನ ನಮಸ್ಕಾರ ತಿಳಿಸು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಳೋ ಇಲ್ಲವೋ ಅದನ್ನೂ ಬರೆ.

ಇಂತಿ,
ನಿನ್ನ ಮಾವ